ಲೋಟದ ಹೊರಗೆ ಬೀಳುವ ಚಾ, ಮಗಳ ಕಣ್ಣಿನ ಪಟ್ಟಿ

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಅಡಿಕೆ ಕೃಷಿಕ. ವಯಸ್ಸು 44. ಕಳೆದ ಮಳೆಗಾಲದಲ್ಲಿ ಮರದಿಂದ ಸೋಗೆ ಬಿದ್ದು ಬಲಗಣ್ಣಿಗೆ ಪೆಟ್ಟಾಯಿತು. ಎರಡು ಆಪರೇಷನ್ ಆಯಿತು. ಒಳಗಿನ ಪರದೆ ಹಾಳಾಗಿದೆ, ಇನ್ನು ದೃಷ್ಟಿ ಬರುವುದಿಲ್ಲ ಎಂದಿದ್ದಾರೆ. ಎಡಗಣ್ಣು ಪೂರ್ತಿ ಸರಿ ಇದೆ. ಸಣ್ಣ ಅಕ್ಷರವನ್ನೂ ಓದುತ್ತೇನೆ. ಆದರೆ ಚಾ ಎರೆದರೆ ಲೋಟದ ಹೊರಗೆ ಬೀಳುತ್ತದೆ. ತೋಡಿನ ಸಂಕ ದಾಟಲು ಹೆದರಿಕೆ. ಒಂದು ಕಣ್ಣು ಚೆನ್ನಾಗಿದ್ದರೆ ಸಾಕಲ್ವಾ, ಹೀಗೇಕೆ ಆಗುತ್ತದೆ? ಇನ್ನೊಂದು ಪ್ರಶ್ನೆ. ಒಂದನೇ ಕ್ಲಾಸಿನ ಮಗಳಿಗೆ 6 ವರ್ಷ. ಶಾಲೆಯ ಕಣ್ಣಿನ ಶಿಬಿರದಲ್ಲಿ ಒಂದು ಚೀಟಿ ಕೊಟ್ಟರು. ಮಲಯಾಳದಲ್ಲಿತ್ತು. ಪಕ್ಕದ ಮನೆಯವರು ಓದಿ, ಎಡಗಣ್ಣು 'ಲೇಜಿ ಐ' ಅಂತೆ ಎಂದರು. ಆಮೇಲೆ ಡಾಕ್ಟರಿಗೆ ತೋರಿಸಿದೆವು. ನಾಲ್ಕು ತಿಂಗಳಿಂದ ಕನ್ನಡಕ ಹಾಕುತ್ತಿದ್ದಾಳೆ. ಈಗ ಚೆನ್ನಾಗಿರುವ ಬಲಗಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ ಅಂಟಿಸಲು ಹೇಳಿದ್ದಾರೆ. ಅವಳಿಗೆ ಎಲ್ಲವೂ ಕಾಣುತ್ತದೆ, ಆಟವಾಡುತ್ತಾಳೆ. ಒಳ್ಳೆಯ ಕಣ್ಣನ್ನು ಮುಚ್ಚಬೇಡಿ ಎಂದು ಅಜ್ಜಿ ಹಟ ಹಿಡಿದಿದ್ದಾರೆ. ಪಟ್ಟಿ ಹಾಕಲೇಬೇಕಾ? (ಕನ್ನಡಕದ ಚೀಟಿಯ ಫೋಟೋ ಜೊತೆಗಿದೆ.)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಎರಡು ಪ್ರಶ್ನೆ ಎಂದು ಬರೆದಿದ್ದೀರಿ. ನನಗೆ ಒಂದೇ ಪ್ರಶ್ನೆಯಂತೆ ಕಂಡಿತು. ಎರಡು ಕಣ್ಣು ಸೇರಿಯೇ ಮಾಡಬೇಕಾದ ಒಂದು ಕೆಲಸ ಇದೆ. ನಿಮ್ಮಲ್ಲಿ ಅದು ನಲವತ್ತು ವರ್ಷಕ್ಕಿಂತ ಜಾಸ್ತಿ ನಡೆದು ಈಗ ನಿಂತಿದೆ. ಮಗಳಲ್ಲಿ ಅದು ಇನ್ನೂ ಗಟ್ಟಿಯಾಗಿ ಬೇರು ಬಿಟ್ಟಿಲ್ಲ.

ಮೊದಲು ಚಾ ವಿಷಯ. ಇದು ನಿಮ್ಮೊಬ್ಬರ ಕಥೆಯಲ್ಲ. ಕ್ರಿಕೆಟಿಗ ಮನ್ಸೂರ್ ಅಲಿ ಖಾನ್ ಪಟೌಡಿಗೆ 1961ರಲ್ಲಿ ಇಂಗ್ಲೆಂಡಿನಲ್ಲಿ ಕಾರು ಅಪಘಾತವಾಯಿತು. ಬಲಗಣ್ಣಿನ ದೃಷ್ಟಿ ಹೋಯಿತು. ಆಗ ಅವರಿಗೆ 20 ವರ್ಷ. ಜಗ್ಗಿನಿಂದ ಲೋಟಕ್ಕೆ ನೀರು ಎರೆದರೆ ಮೇಜಿನ ಮೇಲೆ ಬೀಳುತ್ತಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ನೀವು ಬರೆದದ್ದೂ ಅದನ್ನೇ ಅಲ್ವಾ? ಅದೇ ವರ್ಷ ಡಿಸೆಂಬರ್‌ನಲ್ಲಿ ಅವರು ಭಾರತದ ಪರ ಮೊದಲ ಟೆಸ್ಟ್ ಆಡಿದರು. 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡಿನ ಎದುರು 103 ರನ್ ಹೊಡೆದರು. ಮಾರ್ಚ್‌ನಲ್ಲಿ, 21ನೇ ವಯಸ್ಸಿಗೇ, ತಂಡದ ನಾಯಕರಾದರು. ಲೋಟಕ್ಕೆ ನೀರು ಎರೆಯಲು ಕಷ್ಟಪಟ್ಟ ಮನುಷ್ಯ ಆರು ತಿಂಗಳಲ್ಲಿ ವೇಗದ ಬೌಲಿಂಗ್ ಆಡಿದ್ದು ಹೇಗೆ? ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಕಷ್ಟ ಏನೆಂದು ಮನೆಯವರಿಗೆ ಅರ್ಥವಾಗಬೇಕಾದರೆ ಒಂದು ಸಣ್ಣ ಪರೀಕ್ಷೆ ಮಾಡಿಸಿ. ಹಿಡಿಸೂಡಿಯಿಂದ ಎರಡು ಕಡ್ಡಿ ತೆಗೆಯಿರಿ. ಒಂದನ್ನು ನೀವು ಅವರ ಮುಖದ ಮುಂದೆ, ಒಂದು ಮೊಳ ದೂರದಲ್ಲಿ, ಅಡ್ಡಡ್ಡ ಹಿಡಿಯಿರಿ. ಇನ್ನೊಂದನ್ನು ಅವರು ಬದಿಯಿಂದ ತಂದು, ತುದಿಗೆ ತುದಿ ತಾಗಿಸಬೇಕು. ಎರಡೂ ಕಣ್ಣು ಬಿಟ್ಟು ಮಾಡಿದರೆ ಥಟ್ಟನೆ ತಾಗುತ್ತದೆ. ಒಂದು ಕಣ್ಣು ಮುಚ್ಚಿ ಮಾಡಲಿ. ಒಮ್ಮೆ ಈಚೆ ಹೋಗುತ್ತದೆ, ಒಮ್ಮೆ ಆಚೆ ಹೋಗುತ್ತದೆ. ಕಡ್ಡಿ ಎಡಕ್ಕಿದೆಯೋ ಬಲಕ್ಕಿದೆಯೋ, ಮೇಲಿದೆಯೋ ಕೆಳಗಿದೆಯೋ ಎಲ್ಲ ಗೊತ್ತಾಗುತ್ತದೆ. ಎಷ್ಟು ದೂರದಲ್ಲಿದೆ ಎಂಬುದು ಮಾತ್ರ ಸಿಗುವುದಿಲ್ಲ. ನಿಮ್ಮ ಚಾ ಹೊರಗೆ ಚೆಲ್ಲುವುದು ಅಲ್ಲೇ.

ಇದು ಯಾಕೆ ಹೀಗೆ ಎಂದರೆ, ನಮ್ಮ ಕಣ್ಣಿನ ಒಳಗಿರುವ ಪರದೆ ಒಂದು ಚಪ್ಪಟೆ ಗೋಡೆ ಇದ್ದ ಹಾಗೆ. ಹೊರಗಿನ ಲೋಕಕ್ಕೆ ಉದ್ದ, ಅಗಲ, ಆಳ ಮೂರೂ ಇದೆ. ಪರದೆಯ ಮೇಲೆ ಬೀಳುವ ಚಿತ್ರಕ್ಕೆ ಆಳ ಇಲ್ಲ. ಹತ್ತಿರದ ಸಣ್ಣ ಲೋಟವೂ ದೂರದ ದೊಡ್ಡ ಕೊಡಪಾನವೂ ಒಂದೇ ಅಳತೆಯ ಚಿತ್ರ ಆಗಬಹುದು. ಹಾಗಾದರೆ ದೂರ ಎಲ್ಲಿಂದ ಸಿಗುತ್ತದೆ?

ದೊಡ್ಡವರ ಎರಡು ಕಣ್ಣಿನ ಪಾಪೆಗಳ ನಡುವೆ ಸುಮಾರು 63 ಮಿಲಿಮೀಟರ್ ಅಂತರ. ಮೂರು ಬೆರಳು ಜೋಡಿಸಿ ಇಟ್ಟದ್ದಕ್ಕಿಂತ ಸ್ವಲ್ಪ ಜಾಸ್ತಿ. ಅಷ್ಟೇ ಅಂತರದಿಂದ ಎರಡು ಕಣ್ಣೂ ಲೋಕವನ್ನು ಸ್ವಲ್ಪ ಬೇರೆ ಬೇರೆ ಕಡೆಯಿಂದ ನೋಡುತ್ತವೆ. ಮನೆಯವರು ಹೆಬ್ಬೆರಳನ್ನು ಮುಂದೆ ಚಾಚಿ, ಆಚೆ ಅಂಗಳದ ತೆಂಗಿನಮರ ನೋಡುತ್ತಾ, ಒಂದೊಂದೇ ಕಣ್ಣು ಮುಚ್ಚಿ ತೆರೆಯಲಿ. ಹೆಬ್ಬೆರಳು ಅತ್ತಿತ್ತ ಹಾರುತ್ತದೆ. ಬೆರಳು ಹತ್ತಿರ ಬಂದಷ್ಟೂ ಹಾರುವುದು ಜಾಸ್ತಿ. ದೂರ ಹೋದಷ್ಟೂ ಕಮ್ಮಿ. ಆ ಹಾರುವಿಕೆಯ ಲೆಕ್ಕವೇ ಆಳದ ಲೆಕ್ಕ. ಇದನ್ನು ನಾವು ಸ್ಟೀರಿಯೋಪ್ಸಿಸ್ ಎನ್ನುತ್ತೇವೆ. ಕನ್ನಡದಲ್ಲಿ ಜೋಡಿನೋಟ ಎನ್ನುವುದು ನನಗೆ ಇಷ್ಟ.

ಈಗ ಲೋಟಕ್ಕೆ ಬನ್ನಿ. ನೀವು ಲೋಟದ ಬಾಯಿ ನೋಡುವಾಗ ಎರಡೂ ಕಣ್ಣು ಒಳಕ್ಕೆ ತಿರುಗಿ ಅಲ್ಲೇ ನಿಲ್ಲುತ್ತಿದ್ದವು. ಲೋಟದ ಚಿತ್ರ ಎರಡೂ ಪರದೆಯ ನಟ್ಟನಡುವೆ ಬೀಳುತ್ತಿತ್ತು. ಪಾತ್ರೆಯ ಮೂತಿ ಲೋಟಕ್ಕಿಂತ ಒಂದಿಂಚು ಈಚೆ ಇದ್ದರೆ, ಬಲಗಣ್ಣಿಗೆ ಅದು ಲೋಟದಿಂದ ಸ್ವಲ್ಪ ಎಡಕ್ಕೆ ಕಾಣುತ್ತದೆ, ಎಡಗಣ್ಣಿಗೆ ಸ್ವಲ್ಪ ಬಲಕ್ಕೆ. ಮೂತಿ ಲೋಟಕ್ಕಿಂತ ಆಚೆ ಹೋದರೆ ಇದು ಅದಲುಬದಲು. ಮೂತಿ ಸರಿಯಾಗಿ ಲೋಟದ ಮೇಲೆ ಬಂದಾಗ ವ್ಯತ್ಯಾಸ ಸೊನ್ನೆ. ನಿಮ್ಮ ಮೆದುಳು ಆ ಸೊನ್ನೆಯನ್ನು ಹುಡುಕುತ್ತಿತ್ತು, ಕೈ ಅದರ ಮಾತು ಕೇಳುತ್ತಿತ್ತು. ಇದೆಲ್ಲ ನಿಮಗೆ ಗೊತ್ತಾಗದ ಹಾಗೆ, ಪ್ರತಿ ಬೆಳಗ್ಗೆ, ಮಾತಾಡುತ್ತಾ ಚಾ ಎರೆಯುವಾಗ ನಡೆಯುತ್ತಿತ್ತು.

ಈ ಲೆಕ್ಕ ಕಣ್ಣಿನಲ್ಲಿ ಆಗುವುದಿಲ್ಲ. ಒಂದೊಂದು ಕಣ್ಣಿನಿಂದ ಹೊರಡುವ ನರದಲ್ಲಿ ಹತ್ತು ಲಕ್ಷದಷ್ಟು ಎಳೆಗಳಿವೆ. ಎರಡು ನರಗಳೂ ಮೆದುಳಿನ ಅಡಿಯಲ್ಲಿ ಒಂದು ಕಡೆ ಕೂಡುತ್ತವೆ. ಅಲ್ಲಿ ಸುಮಾರು ಅರ್ಧ ಎಳೆಗಳು ಆಚೆ ಬದಿಗೆ ದಾಟುತ್ತವೆ, ಉಳಿದವು ತಮ್ಮ ಬದಿಯಲ್ಲೇ ಹೋಗುತ್ತವೆ. ಹಾಗಾಗಿ ಎರಡೂ ಕಣ್ಣು ಕಂಡ ಎಡಬದಿಯ ದೃಶ್ಯ ಬಲಮೆದುಳಿಗೆ, ಬಲಬದಿಯ ದೃಶ್ಯ ಎಡಮೆದುಳಿಗೆ ಬಂದು ಸೇರುತ್ತದೆ. ತಲೆಯ ಹಿಂಭಾಗದಲ್ಲಿ, ನಾವು ತಲೆಯನ್ನು ದಿಂಬಿಗೆ ಒರಗಿಸುವ ಜಾಗದಲ್ಲಿ, ಎರಡು ಚಿತ್ರಗಳು ಪಕ್ಕಪಕ್ಕ ಇಳಿಯುತ್ತವೆ. ಅಲ್ಲಿರುವ ಎಷ್ಟೋ ಕೋಶಗಳಿಗೆ ಎರಡೂ ಕಣ್ಣಿನಿಂದ ಸಂಪರ್ಕ ಇದೆ. 1967ರಲ್ಲಿ ಬೆಕ್ಕಿನ ಮೆದುಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಒಂದು ಸೊಗಸಾದ ವಿಷಯ ಸಿಕ್ಕಿತು. ಒಂದೊಂದು ಕೋಶವೂ ಎರಡು ಚಿತ್ರಗಳ ನಡುವಿನ ಒಂದೊಂದು ಅಳತೆಯ ವ್ಯತ್ಯಾಸಕ್ಕೆ ಜೋರಾಗಿ ಮಿಡಿಯುತ್ತದೆ. ಒಂದಕ್ಕೆ ಹತ್ತಿರದ ವಸ್ತು ಬೇಕು, ಇನ್ನೊಂದಕ್ಕೆ ದೂರದ್ದು ಬೇಕು. ಯಾವ ಕೋಶ ಮಿಡಿಯಿತು ಎಂಬುದೇ ದೂರದ ಸುದ್ದಿ.

ಎರಡು ಚಿತ್ರಗಳ ವ್ಯತ್ಯಾಸ ಮಾತ್ರದಿಂದ ಆಳ ಕಾಣುತ್ತದೆ ಎಂದು ತೋರಿಸಿಕೊಟ್ಟವರು ಚಾರ್ಲ್ಸ್ ವೀಟ್‌ಸ್ಟನ್. 1838ರಲ್ಲಿ, ಲಂಡನ್ನಿನಲ್ಲಿ. ಫೋಟೋಗ್ರಫಿ ಇನ್ನೂ ಜಗತ್ತಿಗೆ ಪರಿಚಯವಾಗಿರಲಿಲ್ಲ. ಅವರು ಎರಡು ಗೆರೆಚಿತ್ರಗಳನ್ನು ಕೈಯಲ್ಲೇ ಬರೆದು, ಎರಡು ಕನ್ನಡಿ ಇಟ್ಟು, ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸಿದರು. ನೆರಳಿಲ್ಲ, ಬಣ್ಣವಿಲ್ಲ, ಬರೀ ಗೆರೆ. ಆದರೂ ಕಾಗದದಿಂದ ಘನವಾದ ವಸ್ತು ಎದ್ದು ಬಂತು. ಸುಮಾರು 120 ವರ್ಷದ ಮೇಲೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬೇಲಾ ಯೂಲೆಷ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಂಪ್ಯೂಟರಿನಿಂದ ಸುಮ್ನೆ ಚೆಲ್ಲಾಪಿಲ್ಲಿ ಚುಕ್ಕೆಗಳ ಎರಡು ಹಾಳೆ ಮಾಡಿಸಿದರು. ಒಂದೇ ಕಣ್ಣಿನಿಂದ ನೋಡಿದರೆ ರಾಗಿ ಚೆಲ್ಲಿದ ಹಾಗೆ, ಏನೂ ಇಲ್ಲ. ಎರಡನ್ನೂ ಎರಡು ಕಣ್ಣಿಗೆ ಕೊಟ್ಟರೆ ನಡುವೆ ಒಂದು ಚೌಕ ತೇಲುತ್ತದೆ. ಅಂದರೆ ವಸ್ತು ಯಾವುದೆಂದು ಗುರುತಿಸುವ ಮೊದಲೇ ಮೆದುಳು ಆಳವನ್ನು ಅಳೆದು ಮುಗಿಸಿರುತ್ತದೆ. ನನಗೆ ಓದುವ ದಿನಗಳಲ್ಲಿ ಆ ಚುಕ್ಕೆಗಳ ಹಾಳೆ ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತ್ತು. ಈಗಲೂ ಮಕ್ಕಳನ್ನು ಪರೀಕ್ಷಿಸುವಾಗ ಆ ಚೌಕ ಕಂಡವರ ಮುಖ ನೋಡುವುದು ನನಗೆ ಖುಷಿ.

ಜೋಡಿನೋಟ ಎಷ್ಟು ಸೂಕ್ಷ್ಮ ಗೊತ್ತಾ? ಸಾಮಾನ್ಯ ಆರೋಗ್ಯವಂತ ಕಣ್ಣುಗಳಿಗೆ ಸುಮಾರು 20 ಸೆಕೆಂಡ್ ಕೋನದ ವ್ಯತ್ಯಾಸ ತಿಳಿಯುತ್ತದೆ. ಇಲ್ಲಿ ಸೆಕೆಂಡ್ ಎಂದರೆ ಗಡಿಯಾರದ್ದಲ್ಲ. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು. ಬೆರಳಿನ ಉಗುರನ್ನು ನೂರು ಮೀಟರ್ ಆಚೆ ಇಟ್ಟರೆ ಅದರ ಅಗಲ ಹೆಚ್ಚುಕಮ್ಮಿ 20 ಸೆಕೆಂಡ್. ಇದನ್ನು ದೂರಕ್ಕೆ ಬದಲಾಯಿಸಿ ನೋಡಿ. ಅರ್ಧ ಮೀಟರ್‌ನಲ್ಲಿ, ಅಂದರೆ ಚಾ ಲೋಟದ ದೂರದಲ್ಲಿ, ಅರ್ಧ ಮಿಲಿಮೀಟರಿಗಿಂತ ಕಮ್ಮಿ ಹಿಂದೆಮುಂದೆ ಇದ್ದರೂ ಗೊತ್ತಾಗುತ್ತದೆ. ಒಂದು ಮೀಟರ್‌ನಲ್ಲಿ ಒಂದೂವರೆ ಮಿಲಿಮೀಟರ್. ಹತ್ತು ಮೀಟರ್‌ಗೆ ಹೋದರೆ ಅದು 15 ಸೆಂಟಿಮೀಟರ್ ಆಗುತ್ತದೆ. ನೂರು ಮೀಟರ್‌ಗೆ ಹೋದರೆ 15 ಮೀಟರ್! ದೂರ ಹತ್ತು ಪಟ್ಟಾದರೆ ತಪ್ಪು ನೂರು ಪಟ್ಟಾಗುತ್ತದೆ.

ಈ ಲೆಕ್ಕ ನಿಮಗೆ ಬಹಳ ಮುಖ್ಯ. ನೀವು ಕಳೆದುಕೊಂಡದ್ದು ಎಲ್ಲಿ, ಕಳೆದುಕೊಳ್ಳದ್ದು ಎಲ್ಲಿ ಎಂದು ಇದು ಹೇಳುತ್ತದೆ. ಕೈಗೆಟಕುವ ದೂರದಲ್ಲಿ ನಷ್ಟ ದೊಡ್ಡದು. ಸೂಜಿಗೆ ನೂಲು, ಮೆಟ್ಟುಕತ್ತಿಯ ಅಲಗು, ಬೀಗದ ಕಿಂಡಿ, ಲೋಟ. ದೂರ ಹೋದ ಹಾಗೆ ನಷ್ಟ ಕರಗುತ್ತದೆ. ದೋಟಿಯ ಕೆಲಸವನ್ನೇ ತೆಗೆದುಕೊಳ್ಳಿ. ಹದಿನೈದು ಮೀಟರ್ ಎತ್ತರದ ಅಡಿಕೆ ಗೊನೆಯನ್ನು ನೆಲದಿಂದ ನೋಡುವಾಗ, ಎರಡು ಕಣ್ಣಿದ್ದವನಿಗೂ ಒಂದು ಅಡಿಗಿಂತ ಸೂಕ್ಷ್ಮವಾದ ಆಳ ಜೋಡಿನೋಟದಿಂದ ಸಿಗುವುದಿಲ್ಲ. ಅವನೂ ತಲೆ ಅತ್ತಿತ್ತ ವಾಲಿಸಿ, ಕತ್ತಿ ಗೊನೆಗೆ ತಾಗಿದ ಅದುರು ಕೈಗೆ ಬಂದ ಮೇಲೆಯೇ ಎಳೆಯುವುದು. ಅದು ನಿಮ್ಮಿಂದಲೂ ಆಗುತ್ತದೆ. ಇನ್ನು ಪೊಸಡಿ ಗುಂಪೆಯ ಮೇಲೆ ನಿಂತು ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸಾಲು ಸಾಲು ಗುಡ್ಡೆ ನೋಡಿ. ಅಲ್ಲಿ ನಿಮ್ಮ ನೋಟಕ್ಕೂ ನನ್ನ ನೋಟಕ್ಕೂ ಆಳದಲ್ಲಿ ಏನೂ ವ್ಯತ್ಯಾಸ ಇಲ್ಲ. ಹತ್ತಿರದ ಗುಡ್ಡೆ ಹಸಿರು, ದೂರದ್ದು ನೀಲಿ, ಇನ್ನೂ ದೂರದ್ದು ಹೊಗೆಬಣ್ಣ. ಅದರಿಂದಲೇ ನಾವೆಲ್ಲ ಆ ದೂರವನ್ನು ಅಂದಾಜು ಮಾಡುವುದು.

ಅಂಥ ದಾರಿಗಳು ಇನ್ನೂ ಇವೆ. ಒಂದು ವಸ್ತು ಇನ್ನೊಂದನ್ನು ಮರೆ ಮಾಡಿದರೆ ಮರೆ ಮಾಡಿದ್ದು ಹತ್ತಿರ. ಗೊತ್ತಿರುವ ವಸ್ತು ಸಣ್ಣದಾಗಿ ಕಂಡರೆ ದೂರ. ನೆರಳು ವಸ್ತುವಿನ ಬುಡಕ್ಕೇ ಅಂಟಿದ್ದರೆ ವಸ್ತು ನೆಲದ ಮೇಲಿದೆ, ನೆರಳು ಬಿಟ್ಟು ನಿಂತಿದ್ದರೆ ಗಾಳಿಯಲ್ಲಿದೆ. ಇವೆಲ್ಲಕ್ಕಿಂತ ಬಲವಾದದ್ದು ಚಲನೆ. ಕಾಸರಗೋಡಿನಿಂದ ಮುಳ್ಳೇರಿಯಕ್ಕೆ ಹೋಗುವ ಬಸ್ಸಿನ ಕಿಟಕಿ ಬದಿ ಕೂತರೆ, ರಸ್ತೆ ಬದಿಯ ಕಂಬ ಸರ್ರನೆ ಹಿಂದೆ ಓಡುತ್ತದೆ. ತೋಟ ನಿಧಾನ ಸರಿಯುತ್ತದೆ. ದೂರದ ಗುಡ್ಡೆ ನಮ್ಮ ಜೊತೆಗೇ ಬರುತ್ತದೆ. ಇದಕ್ಕೆ ಒಂದು ಕಣ್ಣು ಸಾಕು. ಎರಡು ಕಣ್ಣು ಒಂದೇ ಕ್ಷಣದಲ್ಲಿ ಎರಡು ಜಾಗದಿಂದ ನೋಡುವುದನ್ನು, ಒಂದು ಕಣ್ಣು ಎರಡು ಕ್ಷಣದಲ್ಲಿ ಎರಡು ಜಾಗಕ್ಕೆ ಹೋಗಿ ನೋಡುತ್ತದೆ. ಸೂರ್ಯನ ಕುದುರೆ ಎಂಬ ಹಸಿರು ಹುಳ ಹಾರುವ ಮೊದಲು ಮೈಯನ್ನು ಎಡಕ್ಕೆ ಬಲಕ್ಕೆ ತೂಗುವುದನ್ನು ನೀವು ತೋಟದಲ್ಲಿ ನೋಡಿರಬಹುದು. ದೂರ ಅಳೆಯುವುದೇ ಅದು. (ಆ ಹುಳಕ್ಕೆ ಜೋಡಿನೋಟವೂ ಇದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಅದರ ಕಣ್ಣಿಗೆ ಪುಟಾಣಿ ಬಣ್ಣದ ಕನ್ನಡಕವನ್ನು ಜೇನುಮೇಣದಲ್ಲಿ ಅಂಟಿಸಿ, ತ್ರೀಡಿ ಚಿತ್ರ ತೋರಿಸಿ ಇದನ್ನು ಖಚಿತ ಮಾಡಿದ್ದಾರೆ.)

ಪಟೌಡಿ ಆಡಿದ್ದೂ ಇದೇ ಬಗೆಯ ಸುಳಿವುಗಳಿಂದ. ಚೆಂಡು ಹತ್ತಿರ ಬಂದ ಹಾಗೆ ಅದರ ಚಿತ್ರ ದೊಡ್ಡದಾಗುತ್ತದೆ. ಎಷ್ಟು ಬೇಗ ದೊಡ್ಡದಾಗುತ್ತಿದೆ ಎಂಬುದರಿಂದ ಇನ್ನೆಷ್ಟು ಹೊತ್ತಿಗೆ ತಲುಪುತ್ತದೆ ಎಂದು ಮೆದುಳು ಲೆಕ್ಕ ಹಾಕಬಲ್ಲದು. ಅವರಿಗೆ ಇನ್ನೊಂದು ತೊಂದರೆ ಇತ್ತು. ಪೆಟ್ಟಾದ ಕಣ್ಣು ಪೂರ್ತಿ ಕತ್ತಲಾಗಿರಲಿಲ್ಲ, ಮಸುಕಾಗಿ ಎರಡನೆಯ ಚೆಂಡು ಕಾಣುತ್ತಿತ್ತು. ಟೋಪಿಯನ್ನು ಬಲಗಣ್ಣಿನ ಮೇಲೆ ಎಳೆದುಕೊಂಡು ಅದನ್ನು ಮರೆ ಮಾಡಿ ಆಡುತ್ತಿದ್ದರು. ನಿಮಗೂ ಬಲಗಣ್ಣಿನಿಂದ ಮಸುಕು ಬೆಳಕು ಬಂದು ಕಿರಿಕಿರಿ ಆಗುತ್ತಿದ್ದರೆ ಹೇಳಿ. ಆ ಬದಿಯ ಗಾಜನ್ನು ಮಂಜು ಮಾಡಿದ ಕನ್ನಡಕ ಕೊಡಬಹುದು.

ಈಗ ನೀವು ಮಾಡಬೇಕಾದ್ದು. ಚಾ ಎರೆಯುವಾಗ ಪಾತ್ರೆಯ ಮೂತಿಯನ್ನು ಲೋಟದ ಅಂಚಿಗೆ ಮುಟ್ಟಿಸಿಯೇ ಎರೆಯಿರಿ. ನಾಚಿಕೆ ಏನೂ ಬೇಡ. ಏನನ್ನಾದರೂ ಹಿಡಿಯುವ ಮೊದಲು ತಲೆಯನ್ನು ಎರಡು ಮೂರು ಇಂಚು ಅತ್ತಿತ್ತ ಸರಿಸಿ ನೋಡಿ. ಮೊದಮೊದಲು ನೆನಪಿಟ್ಟು ಮಾಡಬೇಕು, ಕೆಲವು ತಿಂಗಳಲ್ಲಿ ತಾನಾಗಿ ಬರುತ್ತದೆ. ಹೆಚ್ಚಿನವರಿಗೆ ಒಂದು ವರ್ಷದ ಒಳಗೆ ಮನೆಗೆಲಸದಲ್ಲಿ ಕಷ್ಟ ಬಹಳ ಕಮ್ಮಿ ಆಗುತ್ತದೆ. ಅಡಿಕೆ ಸುಲಿಯುವುದು ಬೇಕಾದರೆ ಶುರು ಮಾಡಿ, ಆದರೆ ಆತುರ ಬೇಡ. ಮರ ಹತ್ತುವುದು ಸದ್ಯ ಬೇಡವೇ ಬೇಡ. ಬೈಕ್ ಕೂಡ ನಿಮ್ಮ ಡಾಕ್ಟರು ನೋಡಿ ಹೇಳುವವರೆಗೆ ಬೇಡ. ಅದಕ್ಕೆ ಕಾರಣ ಆಳ ಮಾತ್ರ ಅಲ್ಲ. ಎರಡು ಕಣ್ಣಿದ್ದಾಗ ಅಕ್ಕಪಕ್ಕ ಸುಮಾರು 180 ಡಿಗ್ರಿಯಷ್ಟು ಕಾಣುತ್ತದೆ. ಒಂದು ಕಣ್ಣಿಗೆ ಅದು 150 ಡಿಗ್ರಿ ಆಸುಪಾಸು. ನಿಮ್ಮ ಬಲಬದಿಯ ಒಂದು ಪಟ್ಟಿ ಪೂರ್ತಿ ಖಾಲಿ. ರಸ್ತೆ ದಾಟುವಾಗ, ಸಂತೆಯಲ್ಲಿ ನಡೆಯುವಾಗ, ಕತ್ತನ್ನು ಬಲಕ್ಕೆ ತಿರುಗಿಸಿ ನೋಡುವುದನ್ನು ಅಭ್ಯಾಸ ಮಾಡಿ. ಮನೆಯವರು ನಿಮ್ಮ ಎಡಗಡೆ ನಡೆದರೆ ಅವರು ನಿಮಗೆ ಕಾಣುತ್ತಾರೆ.

ಅಂಗಳದಿಂದ ತೋಟಕ್ಕೆ ಇಳಿಯುವ ಕೆಂಪುಕಲ್ಲಿನ ಮೆಟ್ಟಿಲು ಇದೆಯಾ? ಮಳೆಗಾಲದಲ್ಲಿ ಪಾಚಿ ಹಿಡಿದು, ಮೋಡದ ಬೆಳಕಿನಲ್ಲಿ ನೆರಳೂ ಇಲ್ಲದೆ, ಆ ಮೆಟ್ಟಿಲುಗಳೆಲ್ಲ ಒಂದೇ ಇಳಿಜಾರಿನ ಹಾಗೆ ಕಾಣುತ್ತವೆ. ಪ್ರತಿ ಮೆಟ್ಟಿಲಿನ ಅಂಚಿಗೆ ನಾಲ್ಕು ಬೆರಳಗಲ ಸುಣ್ಣ ಬಳಿಯಿರಿ. ಇಷ್ಟು ಅಗ್ಗದ, ಇಷ್ಟು ಒಳ್ಳೆಯ ಉಪಾಯ ನನಗೆ ಬೇರೆ ಗೊತ್ತಿಲ್ಲ.

ಇನ್ನು ನಾನು ಕೈಮುಗಿದು ಕೇಳುವ ಒಂದು ವಿಷಯ. ನಿಮಗೆ ಈಗ ಇರುವುದು ಒಂದೇ ಕಣ್ಣು. ನಂಬರ್ ಇಲ್ಲದಿದ್ದರೂ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕನ್ನಡಕ ಮಾಡಿಸಿ, ಬೆಳಗ್ಗೆ ಎದ್ದು ಹಾಕಿದ್ದನ್ನು ರಾತ್ರಿ ಮಲಗುವಾಗ ತೆಗೆಯಿರಿ. ಅದು ಮಾಮೂಲಿ ಗಾಜಿನ ಹಾಗೆ ಒಡೆದು ಚೂರಾಗುವುದಿಲ್ಲ. ಅಡಿಕೆಗೆ ಬೋರ್ಡೋ ಮದ್ದು ಬಿಡುವಾಗ ಅದರ ಮೇಲೆ ಬದಿ ಮುಚ್ಚಿದ ಕನ್ನಡಕ ಬೇಕು. ಆ ಮದ್ದಿನಲ್ಲಿರುವ ಮೈಲುತುತ್ತು, ಸುಣ್ಣ ಎರಡೂ ಕಣ್ಣನ್ನು ಸುಡುತ್ತವೆ. ಹುಲ್ಲು ಕತ್ತರಿಸುವ ಯಂತ್ರ ಓಡುವಲ್ಲಿ ನಿಲ್ಲಬೇಡಿ, ಅದು ಕಲ್ಲು ಸಿಡಿಸುತ್ತದೆ. ಸೋಗೆಯೋ ಕಡ್ಡಿಯೋ ಕಣ್ಣಿಗೆ ತಾಗಿ ಕೆಂಪಾದರೆ ನಂದಿಬಟ್ಟಲ ರಸ, ಎದೆಹಾಲು, ಮನೆಯಲ್ಲಿ ಉಳಿದ ಹಳೆ ಡ್ರಾಪ್ಸ್ ಯಾವುದೂ ಬೇಡ. ಗಿಡಮರದ ಗಾಯದಲ್ಲಿ ಶಿಲೀಂಧ್ರ ಸೇರಿಕೊಳ್ಳುತ್ತದೆ. ಹಳೆ ಬಾಟಲಿಯಲ್ಲಿ ಸ್ಟೀರಾಯ್ಡ್ ಇದ್ದರೆ ಅದು ಇನ್ನೂ ಹಬ್ಬುತ್ತದೆ. ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಇಷ್ಟು ವರ್ಷದ ಕೆಲಸದಲ್ಲಿ, ಎರಡು ದಿನ ಮೊದಲು ಬಂದಿದ್ದರೆ ಉಳಿಯುತ್ತಿದ್ದ ಕಣ್ಣುಗಳನ್ನು ನಾನು ನೋಡಿದ್ದೇನೆ. ಅದು ಮರೆಯುವಂಥದ್ದಲ್ಲ.

ಈಗ ಮಗಳು. ನೀವು ಕಳಿಸಿದ ಚೀಟಿಯಲ್ಲಿ ಬಲಗಣ್ಣಿಗೆ +1, ಎಡಗಣ್ಣಿಗೆ +4 ಇದೆ. ಬಲಗಣ್ಣಿನ ದೃಷ್ಟಿ 6/6, ಎಡಗಣ್ಣಿನದು ಕನ್ನಡಕ ಹಾಕಿದ ಮೇಲೂ 6/18. ಅಂದರೆ ಸರಿಯಾದ ಕಣ್ಣು 18 ಮೀಟರ್ ದೂರದಿಂದ ಓದುವ ಅಕ್ಷರವನ್ನು ಆ ಕಣ್ಣು 6 ಮೀಟರ್ ಹತ್ತಿರ ಬಂದರೆ ಮಾತ್ರ ಓದುತ್ತದೆ. 'ಸೋಮಾರಿ ಕಣ್ಣು' ಎಂಬ ಮಾತನ್ನು ನಾನು ಬಳಸುವುದಿಲ್ಲ. ಅವಳ ಕಣ್ಣಿನಲ್ಲಿ ಸೋಮಾರಿತನ ಇಲ್ಲ, ಅವಳಲ್ಲಿಯೂ ಇಲ್ಲ. ಆದದ್ದು ಇಷ್ಟು. ಚಿಕ್ಕ ಮಕ್ಕಳು ಪ್ಲಸ್ ನಂಬರನ್ನು ಕಣ್ಣಿನ ಒಳಗಿನ ಮಸೂರ ಉಬ್ಬಿಸಿ ತಾವೇ ಸರಿ ಮಾಡಿಕೊಳ್ಳುತ್ತಾರೆ. ಆದರೆ ಎರಡು ಕಣ್ಣೂ ಒಟ್ಟಿಗೇ, ಒಂದೇ ಅಳತೆಯಲ್ಲಿ ಉಬ್ಬುತ್ತವೆ. ಬಲಗಣ್ಣಿಗೆ ಬೇಕಾದ 1 ಆದೊಡನೆ ಚಿತ್ರ ಸ್ಪಷ್ಟ, ಕೆಲಸ ಮುಗಿಯಿತು. ಎಡಗಣ್ಣಿಗೆ ಇನ್ನೂ 3 ಬಾಕಿ. ಹಾಗಾಗಿ ಹುಟ್ಟಿದಂದಿನಿಂದ ಆ ಕಣ್ಣು ಮೆದುಳಿಗೆ ಕಳಿಸಿದ್ದೆಲ್ಲ ಮಸುಕು ಚಿತ್ರ. ಒಂದು ಸ್ಪಷ್ಟ, ಒಂದು ಮಸುಕು. ಎರಡನ್ನು ಹೊಲಿಯುವುದು ಹೇಗೆ? ಮೆದುಳು ಮಸುಕಾದ್ದನ್ನು ಬದಿಗಿಟ್ಟಿತು.

ಹಾಗೆ ಬದಿಗಿಟ್ಟರೆ ಏನಾಗುತ್ತದೆ ಎಂದು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳಲ್ಲಿ ತೋರಿಸಿದರು. ಮರಿ ಕಣ್ಣು ಬಿಡುವ ಹೊತ್ತಿಗೆ ಒಂದು ಕಣ್ಣಿನ ರೆಪ್ಪೆ ಹೊಲಿದು, ಎರಡು ಮೂರು ತಿಂಗಳ ಮೇಲೆ ಬಿಚ್ಚಿದರು. ಕಣ್ಣು ಚೆನ್ನಾಗಿಯೇ ಇತ್ತು. ಆದರೆ ಮೆದುಳಿನಲ್ಲಿ ಆ ಕಣ್ಣಿಗೆ ಓಗೊಡುವ ಕೋಶಗಳೇ ಹೆಚ್ಚುಕಮ್ಮಿ ಉಳಿದಿರಲಿಲ್ಲ. ಎಲ್ಲ ಜಾಗವನ್ನೂ ಇನ್ನೊಂದು ಕಣ್ಣು ತೆಗೆದುಕೊಂಡಿತ್ತು. ದೊಡ್ಡ ಬೆಕ್ಕಿಗೆ ಹಾಗೆಯೇ ಮಾಡಿದರೆ ಏನೂ ಆಗಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತು ನಾವು ಮಕ್ಕಳ ಕಣ್ಣನ್ನು ಬೇಗ ನೋಡಿ ಎಂದು ಗೋಗರೆಯುವುದಕ್ಕೆ ಆ ಮರಿಗಳೇ ಕಾರಣ. ಮನುಷ್ಯರ ಮಕ್ಕಳಿಗೆ ಜೋಡಿನೋಟ ನಾಲ್ಕನೇ ತಿಂಗಳ ಹೊತ್ತಿಗೆ ಮೊಳೆಯುತ್ತದೆ. ಆಮೇಲೆ ವರ್ಷಗಟ್ಟಲೆ ಹದವಾಗುತ್ತಾ ಹೋಗುತ್ತದೆ. ಹದವಾಗಲು ಎರಡೂ ಕಣ್ಣಿನಿಂದ ಸ್ಪಷ್ಟ ಚಿತ್ರ ಬೇಕು.

"ಅವಳಿಗೆ ಎಲ್ಲವೂ ಕಾಣುತ್ತದೆ" ಎಂದಿರಿ. ಹೌದು, ಬಲಗಣ್ಣಿನಿಂದ ಕಾಣುತ್ತದೆ. ಹುಟ್ಟಿನಿಂದ ಹೀಗೇ ಇರುವ ಮಗುವಿಗೆ ಏನು ಕಮ್ಮಿ ಎಂದು ಹೇಗೆ ಗೊತ್ತಾಗಬೇಕು? ನಿಮಗೆ ಗೊತ್ತಾಯಿತು, ಏಕೆಂದರೆ ನಿಮ್ಮ ಹತ್ತಿರ ಅದು ಇತ್ತು. ಸಂಕದ ಮೇಲೆ ನಿಮಗಾದ ಹೆದರಿಕೆ ಅವಳಿಗೆ ಆಗುವುದಿಲ್ಲ. ಅವಳು ಮೊದಲಿನಿಂದಲೂ ನೆರಳು, ಚಲನೆ, ಅಂದಾಜು ಇವುಗಳ ಮೇಲೆಯೇ ನಡೆದವಳು.

ಇನ್ನೊಂದು ಮಾತನ್ನು ನಿಮಗೆ ಹೇಳಲೇಬೇಕು, ಬೇಸರ ಮಾಡಬೇಡಿ. ನಿಮ್ಮ ಬಲಗಣ್ಣು ಹೋದ ದಿನ ಎಡಗಣ್ಣು ನಿಮ್ಮನ್ನು ಹಿಡಿದು ನಿಲ್ಲಿಸಿತು. ಮಗಳ ಬಲಗಣ್ಣಿಗೆ ಮುಂದೆ ಎಂದಾದರೂ ಏನಾದರೂ ಆದರೆ ಅವಳ ಕೈಯಲ್ಲಿ ಉಳಿಯುವುದು 6/18ರ ಕಣ್ಣು. ಅಜ್ಜಿಗೆ ಇದನ್ನು ಹೀಗೆಯೇ ಹೇಳಿ. ಒಳ್ಳೆಯ ಕಣ್ಣನ್ನು ಎರಡು ಗಂಟೆ ಮುಚ್ಚುವುದು ಇನ್ನೊಂದು ಕಣ್ಣನ್ನೂ ಒಳ್ಳೆಯದು ಮಾಡಲಿಕ್ಕೆ.

ಹಾಗಾಗಿ ಪಟ್ಟಿ ಹಾಕಲೇಬೇಕು. ಕನ್ನಡಕ ಮಾತ್ರ ಹಾಕಿ ಕೆಲವು ತಿಂಗಳು ಕಾದರೆ ಎಷ್ಟೋ ಮಕ್ಕಳಿಗೆ ಅಷ್ಟರಲ್ಲೇ ಸುಧಾರಿಸುತ್ತದೆ. ಅವಳಿಗೆ ನಾಲ್ಕು ತಿಂಗಳಾಗಿಯೂ 6/18ರಲ್ಲೇ ನಿಂತದ್ದರಿಂದ ಪಟ್ಟಿ ಬೇಕಾಗಿದೆ. ಈ ಮಟ್ಟದ ತೊಂದರೆಗೆ ದಿನಕ್ಕೆ ಎರಡು ಗಂಟೆ ಸಾಕು. ಆರು ಗಂಟೆ ಹಾಕಿದವರಿಗೂ ಎರಡು ಗಂಟೆ ಹಾಕಿದವರಿಗೂ ಹೆಚ್ಚು ವ್ಯತ್ಯಾಸ ಬರಲಿಲ್ಲ ಎಂದು ಅಮೆರಿಕದಲ್ಲಿ ಮಕ್ಕಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಕಂಡಿದೆ. ಪಟ್ಟಿಯನ್ನು ಚರ್ಮಕ್ಕೇ ಅಂಟಿಸಿ, ಅದರ ಮೇಲೆ ಕನ್ನಡಕ ಹಾಕಿ. ಕನ್ನಡಕದ ಗಾಜಿಗೆ ಅಂಟಿಸಿದರೆ ಮಕ್ಕಳು ಬದಿಯಿಂದ ಇಣುಕುತ್ತಾರೆ. ಶಾಲೆಗೆ ಪಟ್ಟಿ ಹಾಕಿಕೊಂಡು ಹೋಗುವುದು ಬೇಡ, ಸಂಜೆ ಮನೆಯಲ್ಲಿ ಸಾಕು. ಆ ಹೊತ್ತಿನಲ್ಲಿ ಹತ್ತಿರದ ಕೆಲಸ ಕೊಡಿ. ಚಿತ್ರ ಬರೆಯಲಿ, ಮಲ್ಲಿಗೆ ಕಟ್ಟಲಿ. ಅಜ್ಜಿ ಚೆನ್ನೆಮಣೆ ತೆಗೆದು ಅವಳ ಜೊತೆ ಕೂತರೆ ಅದಕ್ಕಿಂತ ಒಳ್ಳೆಯ ಮದ್ದು ಬೇಡ. ಗುಳಿಯಿಂದ ಗುಳಿಗೆ ಕಾಯಿ ಹಾಕಲು ಆ ಕಣ್ಣು ದುಡಿಯಲೇಬೇಕು. ಪಟ್ಟಿ ಹಾಕಿ ಹಟ ಮಾಡುವ ಮಕ್ಕಳಿಗೆ ಒಳ್ಳೆಯ ಕಣ್ಣನ್ನು ಮಸುಕು ಮಾಡುವ ಅಟ್ರೊಪಿನ್ ಡ್ರಾಪ್ಸ್ ಎಂಬ ಇನ್ನೊಂದು ದಾರಿಯೂ ಇದೆ. ಅದು ಡಾಕ್ಟರು ಹೇಳಿದರೆ ಮಾತ್ರ.

ಆರರಿಂದ ಎಂಟು ವಾರಕ್ಕೊಮ್ಮೆ ತೋರಿಸಿ, ಎರಡೂ ಕಣ್ಣಿನ ದೃಷ್ಟಿ ಅಳೆಯಲು ಹೇಳಿ. ಒಳ್ಳೆಯ ಕಣ್ಣು ಹಿಂದೆ ಬೀಳುತ್ತದೆ ಎಂಬ ಅಜ್ಜಿಯ ಹೆದರಿಕೆಗೆ ಅಲ್ಲೇ ಉತ್ತರ ಸಿಗುತ್ತದೆ. ಎರಡು ಗಂಟೆಯ ಪಟ್ಟಿಯಿಂದ ಹಾಗಾಗುವುದು ತೀರಾ ಅಪರೂಪ. ಚೆನ್ನಾಯಿತು ಎಂದು ಪಟ್ಟಿ ನಿಲ್ಲಿಸಿದ ಮೇಲೆ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಮತ್ತೆ ಸ್ವಲ್ಪ ಇಳಿಯುತ್ತದೆ. ಆದ್ದರಿಂದ ಒಂದು ವರ್ಷ ಬಿಡದೆ ತೋರಿಸುತ್ತಿರಿ. ಏಳು ವರ್ಷದ ಒಳಗೆ ಫಲ ಚೆನ್ನಾಗಿ ಸಿಗುತ್ತದೆ. ಆಮೇಲೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಸೂಸನ್ ಬ್ಯಾರಿ ಎಂಬ ಅಮೆರಿಕದ ನರವಿಜ್ಞಾನಿಗೆ ಎಳೆಯ ವಯಸ್ಸಿನಿಂದಲೇ ಮಾಲುಗಣ್ಣು. 48ನೇ ವಯಸ್ಸಿನಲ್ಲಿ ಕಣ್ಣಿನ ತರಬೇತಿ ಪಡೆದು ಮೊದಲ ಸಲ ಜೋಡಿನೋಟ ಕಂಡರು. ಕಾರಿನಲ್ಲಿ ಕೂತಾಗ ಸ್ಟೀರಿಂಗ್ ಚಕ್ರ ಗಾಳಿಯಲ್ಲಿ ತೇಲಿ ಮುಂದೆ ಬಂದ ಹಾಗೆ ಕಂಡಿತಂತೆ. ಆದರೆ ಅದು ಅಪರೂಪ. ಅದನ್ನು ನಂಬಿ ಕಾಯುವುದು ಬೇಡ. ನಿಮ್ಮ ಮಗಳಿಗೆ ಮಾಲುಗಣ್ಣಿಲ್ಲ, ನಂಬರಿನ ವ್ಯತ್ಯಾಸ ಮಾತ್ರ. ಇಂಥ ಮಕ್ಕಳಲ್ಲಿ ದೃಷ್ಟಿಯ ಜೊತೆಗೆ ಜೋಡಿನೋಟವೂ ತಕ್ಕಮಟ್ಟಿಗೆ ಬರುವ ಸಾಧ್ಯತೆ ಜಾಸ್ತಿ.

ಮುಂದಿನ ಸಲ ಹೋದಾಗ ಆಳದ ಪರೀಕ್ಷೆಯನ್ನೂ ಮಾಡಿ ಎಂದು ನೀವೇ ಕೇಳಿ. ಅಕ್ಷರದ ಪಟ್ಟಿಯಲ್ಲಿ ಅದು ತಿಳಿಯುವುದಿಲ್ಲ. ಒಂದು ದೊಡ್ಡ ನೊಣದ ಚಿತ್ರ ಇರುತ್ತದೆ. ವಿಶೇಷ ಕನ್ನಡಕ ಹಾಕಿಸಿ, ರೆಕ್ಕೆ ಹಿಡಿ ಅನ್ನುತ್ತಾರೆ. ಜೋಡಿನೋಟ ಇದ್ದ ಮಗು ಕಾಗದದಿಂದ ಒಂದೆರಡು ಇಂಚು ಮೇಲೆ, ಬರೀ ಗಾಳಿಯಲ್ಲಿ, ಬೆರಳು ಜೋಡಿಸುತ್ತದೆ. ಕೆಲವರು ಹೆದರಿ ಕೈ ಹಿಂದೆ ತೆಗೆಯುತ್ತಾರೆ. ಇಲ್ಲದ ಮಗು ಕಾಗದವನ್ನೇ ಮುಟ್ಟುತ್ತದೆ. ಇವತ್ತು ಅವಳು ಎಲ್ಲಿ ಮುಟ್ಟುತ್ತಾಳೆ ಎಂದು ಬರೆದಿಟ್ಟುಕೊಳ್ಳಿ. ಆರು ತಿಂಗಳ ಮೇಲೆ ಮತ್ತೆ ನೋಡಿ. ಚೀಟಿ ಮಲಯಾಳದಲ್ಲಿ ಕೊಟ್ಟರೆ, ಅಲ್ಲೇ ನಿಂತು ಕನ್ನಡದಲ್ಲಿ ಬಿಡಿಸಿ ಹೇಳಲು ಕೇಳಿ. ಪಕ್ಕದ ಮನೆಯವರ ತನಕ ಅದು ಹೋಗಬಾರದು. ಮಗುವಿನ ಕಣ್ಣಿನ ವಿಷಯ ಅಪ್ಪ ಅಮ್ಮನಿಗೆ ಅವರ ಭಾಷೆಯಲ್ಲೇ ತಿಳಿಯಬೇಕು.

ಅದೇ ದಿನ ನಿಮ್ಮ ಬಲಗಣ್ಣನ್ನೂ ತೋರಿಸಿ. ದೃಷ್ಟಿ ಇಲ್ಲ ಎಂದು ಬಿಡಬೇಡಿ. ಪೆಟ್ಟು ಬಿದ್ದ ಕಣ್ಣಿನಲ್ಲಿ ವರ್ಷಗಳ ಮೇಲೂ ಒತ್ತಡ ಏರಿ ನೋವು ಬರಬಹುದು.

ತೋಡಿನ ಸಂಕಕ್ಕೆ ಈ ಮಳೆಗಾಲದ ಮೊದಲೇ ಕೈ ಹಿಡಿಯಲು ಬಿದಿರಿನ ಅಡ್ಡೆ ಕಟ್ಟಿಸಿ. ಒಂದು ಬದಿಗೆ ಸಾಲದು, ಎರಡೂ ಬದಿಗೆ ಬೇಕು. ಹೋಗುವಾಗ ನಿಮ್ಮ ಬಲಕ್ಕಿದ್ದದ್ದು ಬರುವಾಗ ಎಡಕ್ಕೆ ಬರುತ್ತದಲ್ಲ.